ಬೀಸುಕಲ್ಲು ಕೇಳಿದ್ದನ್ನು ಊರೂ ಕೇಳಲಿ



ಕಳೆದ ನಾಗರ ಪಂಚಮಿಗೆ ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಹೋಗಿದ್ದೆ. ಮರಕ್ಕೆ ಜೋಕಾಲಿ ಕಟ್ಟಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಹಾಡುತ್ತ ಜೀಕುತ್ತಿದ್ದರು. ಒಬ್ಬ ತಂಗಿ ಮಾತ್ರ ದೂರ ಕುಳಿತಿದ್ದಳು. ಸೆರಗು ಸರಿದಾಗ ತೋಳಿನ ಮೇಲೆ ಬರೆ ಕಂಡಿತು. “ಬಂಗಾರ ಕಮ್ಮಿ ತಂದೀಯಂತ ಬಡಿತಾರ್ರಿ ಅಕ್ಕಾ” ಅಂದಳು. ಮಗ್ಗುಲಲ್ಲಿದ್ದ ಹಿರಿಯಳೊಬ್ಬಳು ಕೂಡಲೇ, “ಮನಿ ಮಾತು ಮನ್ಯಾಗೇ ಇರ್ಲಿ” ಎಂದು ಬಾಯಿ ಮುಚ್ಚಿಸಿದಳು.

ಈ ಒಂದು ಮಾತು ಎಷ್ಟು ಹೆಣ್ಣುಮಕ್ಕಳನ್ನು ಮನೆಯೊಳಗೇ ಸುಟ್ಟಿದೆ!

ನಮ್ಮ ಅಜ್ಜಿಯರು ಅತ್ತೆಮನೆಯ ಸಂಕಟವನ್ನು ಬೀಸುಕಲ್ಲಿನ ಮುಂದೆ ಹಾಡಾಗಿ ಹೇಳಿಕೊಂಡರು. ಕಲ್ಲಾದರೂ ಕೇಳುತ್ತಿತ್ತು. ಈಗ ಹಿಟ್ಟಿನ ಗಿರಣಿ ಬಂದು ಕಲ್ಲು ಮೂಲೆ ಸೇರಿದೆ. ಸಂಕಟ ಮಾತ್ರ ಹಾಗೇ ಇದೆ. ಅದನ್ನು ಕೇಳುವವರು ಯಾರು?

ನಾವೇ ಕೇಳಬೇಕು, ಅದೂ ಬಯಲಿನಲ್ಲಿ. ಪಟ್ಟಣದಲ್ಲಿ ಉದ್ಯಾನವನ, ಹಳ್ಳಿಯಲ್ಲಿ ಮರದ ಕಟ್ಟೆ. ಇವು ಎಲ್ಲರ ಜಾಗ. ಆದರೆ ಅಲ್ಲಿ ಗಂಡಸರು ಕೂತರೆ ಹರಟೆ, ನಾವು ಕೂತರೆ ಹೆಸರು ಕೆಡುತ್ತದೆ! 2014ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ‘ಬ್ಲಾಂಕ್ ನಾಯ್ಸ್’ ಬಳಗದ ಹೆಂಗಸರು ಹುಲ್ಲಿನ ಮೇಲೆ ಸುಮ್ಮನೆ ಮಲಗಿ, ಈ ಜಾಗ ನಮ್ಮದೂ ಹೌದು ಎಂದು ತೋರಿಸಿದರು.

ಇದು ಹೊಸದೇನಲ್ಲ. ನಮ್ಮದೇ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿ, ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಅಗೆದಾಗ ಬೌದ್ಧ ಸ್ತೂಪ ಹೊರಬಂತು. ಸುಮಾರು ಎರಡು ಸಾವಿರ ವರ್ಷ ಹಳೆಯ ಆ ಕಲ್ಲುಗಳ ಮೇಲೆ ದಾನ ಕೊಟ್ಟ ಹೆಂಗಸರ ಹೆಸರುಗಳೂ ಇವೆ. ಊರೆಲ್ಲ ನೋಡುವ ಕಡೆ ಹೆಣ್ಣಿನ ಹೆಸರು ಬರೆಯಲು ಅವರು ನಾಚಲಿಲ್ಲ.

ತಿಂಗಳ ಒಂದು ಸಭೆಯನ್ನಾದರೂ ಸಂಘದವರು ಪಾರ್ಕಿನಲ್ಲೋ ಕಟ್ಟೆಯಲ್ಲೋ ಮಾಡೋಣ. ಉಳಿತಾಯದ ಲೆಕ್ಕ ಮುಗಿಸಿ ಬೀಸುವ ಪದ ಹಾಡೋಣ. ಜೊತೆಗೆ ಕಾನೂನೂ ಹೇಳೋಣ. ವರದಕ್ಷಿಣೆ ಕೊಡುವುದು, ಕೇಳುವುದು, ಪಡೆಯುವುದು 1961ರಿಂದಲೇ ಅಪರಾಧ. 498ಎ ಎಂದು ನಾವು ಬಲ್ಲ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಂತೆ ಹೊಡೆತ ಕಂಡ ನೆರೆಯವಳೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವಳ ಮೇಲೆ ಹೊಣೆ ಬರುವುದಿಲ್ಲ. ನಮ್ಮಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. 181ಕ್ಕೆ ಫೋನ್ ಮಾಡಿದರೂ ನೆರವು ಸಿಗುತ್ತದೆ.

ಒಂದು ಎಚ್ಚರಿಕೆ: ಕಾನೂನು ಬಯಲಿನಲ್ಲಿ ಹೇಳೋಣ, ನೊಂದವಳ ಕಥೆಯನ್ನು ಮಾತ್ರ ಅವಳು ಒಪ್ಪದೆ ಹೇಳುವುದು ಬೇಡ. ಅವಳು ಸಂಜೆ ಅದೇ ಮನೆಗೆ ಹಿಂತಿರುಗಬೇಕು.

ಆ ದಿನ ಆ ತಂಗಿಯ ಪಕ್ಕದಲ್ಲಿ ಕೂತೆ, ಅಷ್ಟೆ. ಅದು ಸಾಲದು ಎಂದು ಈಗ ಅನಿಸುತ್ತಿದೆ. ಬರುವ ಪಂಚಮಿಗೆ ಅವಳೂ ಜೋಕಾಲಿ ಏರಬೇಕು. ತೂಗುವ ಕೈಗಳು ನಮ್ಮವಾಗಿರಲಿ.