ನಮ್ಮ ಬಾಟಲಿ, ಅವರ ಹಡಗು

ಗಬ್ಬೂರಿನಿಂದ ಯಾವ ದಾರಿ ಹಿಡಿದರೂ ಸಮುದ್ರ ನಾನೂರು ಕಿಲೋಮೀಟರಿಗೆ ಕಡಿಮೆ ಇಲ್ಲ. ಹಾಗಿದ್ದೂ ಹಡಗಿನ ಮಾತು ಎತ್ತುತ್ತಿದ್ದೇನೆ. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಮುಂಬೈಯಲ್ಲಿ 'ಕ್ರೂಸ್ ಭಾರತ್ ಮಿಷನ್' ಆರಂಭಿಸಿತು. 2029ರೊಳಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು ದುಪ್ಪಟ್ಟು ಮಾಡುವುದು ಅದರ ಗುರಿ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶಿ ಪ್ರವಾಸಿ ಹಡಗುಗಳು ಬರುವುದು, ಪ್ರಯಾಣಿಕರು ಮೂಡುಬಿದಿರೆ, ಕಾರ್ಕಳ ನೋಡಿ ಸಂಜೆ ಹಡಗಿಗೆ ಮರಳುವುದು ಹೊಸ ಸುದ್ದಿಯಲ್ಲ. ನಮ್ಮವರೂ ಈಗ ಮುಂಬೈಯಲ್ಲಿ ಹಡಗು ಹತ್ತಿ ಗೋವಾ, ಲಕ್ಷದ್ವೀಪ ಸುತ್ತಿ ಬರುತ್ತಿದ್ದಾರೆ. ಹಾಗಾಗಿ ಈ ಹಡಗುಗಳೊಳಗೆ ವರ್ಷಗಳಿಂದ ನಡೆಯುತ್ತಿರುವ ಒಂದು ಜಗಳವನ್ನು ನಾವೂ ತಿಳಿದುಕೊಳ್ಳುವ ಹೊತ್ತು ಬಂದಿದೆ. ಪ್ರಯಾಣಿಕ ತನ್ನ ಮದ್ಯವನ್ನು ತಾನೇ ತೆಗೆದುಕೊಂಡು ಹೋಗಬಹುದೇ ಎಂಬುದು ಆ ಜಗಳ.

ಕೇಳಲು ಚಿಲ್ಲರೆ ವಿಷಯ ಎನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಎಳೆ ಹಿಡಿದು ಎಳೆದರೆ ಅದು ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ಮುಟ್ಟಿ, ದೆಹಲಿ ಮೆಟ್ರೊ ಹಾದು, ಕೊನೆಗೆ ನಮ್ಮ ರಾಯಚೂರಿನ ಗಡಿಗೇ ಬಂದು ನಿಲ್ಲುತ್ತದೆ.

ಮೊದಲು ನಿಯಮ ನೋಡೋಣ. ಕಾರ್ನಿವಲ್, ರಾಯಲ್ ಕೆರಿಬಿಯನ್‌ನಂಥ ದೊಡ್ಡ ಕಂಪನಿಗಳು ಹಡಗು ಹತ್ತುವ ದಿನ ಒಬ್ಬ ವಯಸ್ಕರಿಗೆ 750 ಮಿಲಿಲೀಟರಿನ ಒಂದು ವೈನ್ ಬಾಟಲಿಗೆ ಮಾತ್ರ ಅವಕಾಶ ಕೊಡುತ್ತವೆ. ವಿಸ್ಕಿ, ರಮ್, ವೋಡ್ಕಾ ತರುವಂತಿಲ್ಲ. ನಡುವೆ ಬಂದರಿನಲ್ಲಿ ಕೊಂಡ ಬಾಟಲಿಯನ್ನು ಸಿಬ್ಬಂದಿ ತೆಗೆದಿಟ್ಟು, ಪ್ರವಾಸ ಮುಗಿಯುವಾಗ ವಾಪಸ್ ಕೊಡುತ್ತಾರೆ. ಡಿಸ್ನಿ ಸ್ವಲ್ಪ ಉದಾರಿ, ಅಲ್ಲಿ ವಯಸ್ಕರೊಬ್ಬರು ಎರಡು ವೈನ್ ಬಾಟಲಿ ಅಥವಾ ಆರು ಬಿಯರ್ ಒಯ್ಯಬಹುದು. ನಾರ್ವೇಜಿಯನ್ ಕಂಪನಿಯ ಪದ್ಧತಿ ಬೇರೆ. ವೈನ್ ತನ್ನಿ, ಆದರೆ ಪ್ರತಿ ಬಾಟಲಿಗೆ ಸುಮಾರು 15 ಡಾಲರ್ ಶುಲ್ಕ ಕೊಡಿ ಎನ್ನುತ್ತದೆ. ಈ ಶುಲ್ಕದ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇದರ ಬಗ್ಗೆ ಪ್ರಯಾಣಿಕರಲ್ಲಿ ಒಮ್ಮತವಿಲ್ಲ. 'ಟಿಕೆಟ್‌ಗೆ ದುಡ್ಡು ಕೊಟ್ಟಿದ್ದೇನೆ, ಕೋಣೆ ನನ್ನದು, ಅಲ್ಲಿ ಏನು ಕುಡಿದರೆ ಇವರಿಗೇನು' ಎನ್ನುವವರಿದ್ದಾರೆ. ಬಾರಿನಲ್ಲಿ ಒಂದು ಲೋಟಕ್ಕೆ ಕೊಡುವ ದುಡ್ಡಿಗೆ ಊರಿನ ಅಂಗಡಿಯಲ್ಲಿ ಪೂರ್ತಿ ಬಾಟಲಿಯೇ ಬರುತ್ತದೆ ಎಂಬುದು ಅವರ ಸಿಟ್ಟು. ಆ ಲೋಟದ ಬೆಲೆಯ ಮೇಲೆ ಶೇ 18ರಷ್ಟು ಭಕ್ಷೀಸು ತಾನಾಗಿಯೇ ಸೇರಿಕೊಳ್ಳುವುದೂ ಉಂಟು. ನಿಯಮ ಓದಿಕೊಂಡೇ ಟಿಕೆಟ್ ತೆಗೆದೆ, ಈಗ ತಕರಾರು ಯಾಕೆ ಎನ್ನುವವರೂ ಇದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋದವರಂತೂ ಬಾರಿನಲ್ಲಿ ಕುಡಿದವರ ಕಾಟವೇ ಸಾಕಾಗಿದೆ, ಕೋಣೆಕೋಣೆಯಲ್ಲೂ ಬಾಟಲಿ ತೆರೆದರೆ ಗತಿಯೇನು ಎಂದು ಕೇಳುತ್ತಾರೆ. ಇನ್ನು ಕೆಲವರು ವಾದಕ್ಕೇ ಇಳಿಯುವುದಿಲ್ಲ. ಬಾಯಿ ಮುಕ್ಕಳಿಸುವ ದ್ರವದ ಬಾಟಲಿಗೆ ಬಣ್ಣ ಹಾಕಿದ ವೋಡ್ಕಾ ತುಂಬಿ, ಶಾಂಪೂ ಬಾಟಲಿಗೆ ರಮ್ ಸುರಿದು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಇದಕ್ಕೆಂದೇ ತಯಾರಾದ ಪ್ಲಾಸ್ಟಿಕ್ ಚೀಲಗಳೂ ಮಾರುಕಟ್ಟೆಯಲ್ಲಿವೆ. ಹಾಸ್ಟೆಲಿನಲ್ಲಿ ಇದ್ದವರಿಗೆ ಈ ಬುದ್ಧಿವಂತಿಕೆ ಅಚ್ಚರಿ ತರಲಾರದು!

ಕಂಪನಿಗಳನ್ನು ಕೇಳಿದರೆ ಬರುವ ಮೊದಲ ಉತ್ತರ ಸುರಕ್ಷತೆ. ಬಾರಿನಲ್ಲಿ ಕುಡಿದರೆ ಎಷ್ಟು ಲೋಟ ಆಯಿತು ಎಂಬ ಲೆಕ್ಕ ಇರುತ್ತದೆ, ಮಿತಿ ಮೀರಿದವನಿಗೆ ಇಲ್ಲ ಎನ್ನಬಹುದು, ಮುಚ್ಚಿದ ಕೋಣೆಯಲ್ಲಿ ಹೇಗೆ ಎಣಿಸುವುದು ಎನ್ನುತ್ತಾರೆ. ಇದು ಸುಳ್ಳಲ್ಲ. ನಡುಸಮುದ್ರದಲ್ಲಿ ಒಬ್ಬ ಕಟಾಂಜನದಿಂದ ಬಿದ್ದರೆ ಕರೆದ ಕೂಡಲೇ ಬರಲು 108 ಆಂಬುಲೆನ್ಸ್ ಇಲ್ಲ. ಆದರೆ ಲೆಕ್ಕಪತ್ರ ಇನ್ನೊಂದು ಕಥೆ ಹೇಳುತ್ತದೆ. ಕಾರ್ನಿವಲ್ ಕಂಪನಿಯ 2023ರ ಒಟ್ಟು ವರಮಾನ ಸುಮಾರು 2,160 ಕೋಟಿ ಡಾಲರ್. ಅದರಲ್ಲಿ ಟಿಕೆಟ್‌ನಿಂದ ಬಂದದ್ದು 1,400 ಕೋಟಿ ಚಿಲ್ಲರೆ. ಉಳಿದ 750 ಕೋಟಿ ಡಾಲರ್, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಹಡಗು ಹತ್ತಿದ ಮೇಲೆ ಜನ ಮಾಡಿದ ಖರ್ಚು ಮತ್ತು ಇತರ ಬಾಬುಗಳಿಂದ ಬಂದದ್ದು. ಬಾರು, ಜೂಜಿನ ಕೋಣೆ, ಅಂಗಡಿ, ತೀರದ ಪ್ರವಾಸ ಎಲ್ಲ ಇದರಲ್ಲೇ ಸೇರಿವೆ.

ನಮ್ಮ ಓರಗೆಯವರಿಗೆ ಅರ್ಥವಾಗುವ ಉದಾಹರಣೆ ಎಂದರೆ ಪ್ರಿಂಟರ್. ಯಂತ್ರವನ್ನು ಕಡಿಮೆ ಬೆಲೆಗೆ ಕೊಟ್ಟು ಶಾಯಿಯ ಕಾರ್ಟ್ರಿಜ್ಜಿನಲ್ಲಿ ದುಡ್ಡು ಎತ್ತುತ್ತಾರಲ್ಲ, ಹಾಗೆ. ಟಿಕೆಟ್ ಅಗ್ಗ ಮಾಡಿ ಕೋಣೆ ತುಂಬಿಸುವುದು, ಆಮೇಲೆ ಒಳಗೆ ದುಡಿಯುವುದು. ಹೊರಗಿನ ಬಾಟಲಿ ಒಳಗೆ ಬಂದರೆ ಈ ಲೆಕ್ಕವೇ ಬುಡಮೇಲು. ಇದರಲ್ಲಿ ಒಂದು ತಮಾಷೆಯೂ ಇದೆ. ಕುಡಿಯದವನ ಟಿಕೆಟ್ ಅಗ್ಗವಾಗಿರುವುದರಲ್ಲಿ ಕುಡಿಯುವವನ ಪಾಲೂ ಇದೆ! 'ನಾನು ಕುಡಿಯುವುದಿಲ್ಲ, ನನಗೇಕೆ ಈ ಚರ್ಚೆ' ಎನ್ನುವ ಪ್ರಯಾಣಿಕ ಇದನ್ನು ಗಮನಿಸಬೇಕು. ಹೊರಗಿನ ಮದ್ಯಕ್ಕೆ ಬಾಗಿಲು ಪೂರಾ ತೆರೆದರೆ ಕಂಪನಿ ನಷ್ಟವನ್ನು ಟಿಕೆಟ್ ಮೇಲೆ ಹಾಕುತ್ತದೆ, ಹೊರೆ ಇಬ್ಬರಿಗೂ ಬೀಳುತ್ತದೆ.

ಹಾಗಾದರೆ ನಿಯಮ ಸುರಕ್ಷತೆಗೋ, ಗಲ್ಲಾಪೆಟ್ಟಿಗೆಗೋ? ನನ್ನ ಪ್ರಕಾರ ಇದನ್ನು ಪತ್ತೆ ಹಚ್ಚಲು ಒಂದು ಸುಲಭ ಪರೀಕ್ಷೆ ಇದೆ. ದುಡ್ಡು ಕೊಟ್ಟ ಕೂಡಲೇ ಅದೇ ವಸ್ತು ಒಪ್ಪಿಗೆಯಾಗುತ್ತದೆಯೇ ನೋಡಿ. 15 ಡಾಲರ್ ಕೊಟ್ಟ ವೈನ್ ಬಾಟಲಿ ಕೊಡದ ಬಾಟಲಿಗಿಂತ ಸುರಕ್ಷಿತವೇನಲ್ಲ. ಅಲ್ಲಿ ನಡೆಯುತ್ತಿರುವುದು ವ್ಯಾಪಾರ. ವ್ಯಾಪಾರ ಮಾಡುವುದು ತಪ್ಪಲ್ಲ, ಅದಕ್ಕೆ ಸುರಕ್ಷತೆಯ ಅಂಗಿ ತೊಡಿಸುವುದು ತಪ್ಪು.

ಇದೇ ಪರೀಕ್ಷೆಯನ್ನು ವಿಮಾನಕ್ಕೆ ಹಚ್ಚಿದರೆ ಉತ್ತರ ಬೇರೆ ಬರುತ್ತದೆ. ಶೇ 24ರಿಂದ 70ರಷ್ಟು ಆಲ್ಕೋಹಾಲ್ ಇರುವ ಮದ್ಯವನ್ನು ಅಂಗಡಿಯ ಸೀಲ್ ಒಡೆಯದೆ ಒಬ್ಬರು 5 ಲೀಟರ್ ವರೆಗೆ ಚೆಕ್-ಇನ್ ಲಗೇಜಿನಲ್ಲಿ ಹಾಕಬಹುದು. ಶೇ 70 ದಾಟಿದರೆ ಒಂದು ಹನಿಯೂ ಇಲ್ಲ, ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಅದರ ಹಿಂದಿರುವುದು ಬೆಂಕಿಯ ಲೆಕ್ಕ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಸ್ಪಿರಿಟ್ ದೀಪ ಹಚ್ಚಿದವರಿಗೆ ವಿವರಿಸಬೇಕಿಲ್ಲ. ಕುಡಿಯುವ ವಿಷಯದಲ್ಲೂ ವಿಮಾನ ಬಿಗಿ. 2022ರ ನವೆಂಬರ್ 26ರಂದು ನ್ಯೂಯಾರ್ಕ್‌ನಿಂದ ದೆಹಲಿಗೆ ಬಂದ ಏರ್ ಇಂಡಿಯಾ ವಿಮಾನದಲ್ಲಿ ಕುಡಿದ ಅಮಲಿನಲ್ಲಿದ್ದ ಪ್ರಯಾಣಿಕ ಸಹಪ್ರಯಾಣಿಕರ ಮೇಲೆ ಮೂತ್ರ ಮಾಡಿದ ಆರೋಪ ದೇಶವೆಲ್ಲ ಸುದ್ದಿಯಾಯಿತು. ನಾಗರಿಕ ವಿಮಾನಯಾನ ನಿರ್ದೇಶನಾಲಯ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಮರು ಜನವರಿಯಲ್ಲಿ ಏರ್ ಇಂಡಿಯಾ ತನ್ನ ನಿಯಮ ಬಿಗಿ ಮಾಡಿ, ಸಿಬ್ಬಂದಿ ಬಡಿಸಿದ್ದನ್ನು ಬಿಟ್ಟು ತಂದ ಮದ್ಯವನ್ನು ಯಾರೂ ಕುಡಿಯದಂತೆ ಕಣ್ಣಿಡಲು ಹೇಳಿತು. ಆ ಪ್ರಕರಣದಲ್ಲಿ ಚರ್ಚೆಯಾದದ್ದು ವಿಮಾನದವರೇ ಬಡಿಸಿದ ಮದ್ಯ ಎಂಬುದನ್ನು ಮರೆಯಬಾರದು. ಅಂದರೆ ಬಾಟಲಿ ಯಾರದು ಎಂಬುದಕ್ಕಿಂತ 'ಸಾಕು' ಎನ್ನುವ ಧೈರ್ಯ ಯಾರಿಗಿದೆ ಎಂಬುದು ಮುಖ್ಯ. ಮಾರಿದಷ್ಟೂ ಲಾಭ ಇರುವ ಕಡೆ ಆ ಧೈರ್ಯ ಕಡಿಮೆಯೇ.

ಮಲ್ಟಿಪ್ಲೆಕ್ಸಿನ ವಿಷಯಕ್ಕೆ ಬರೋಣ. ಹೊರಗಿನ ತಿಂಡಿ ಒಳಗೆ ಬಿಡಬೇಕೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೂ ಹೋಗಿತ್ತು. 2023ರ ಜನವರಿ 3ರಂದು ನ್ಯಾಯಾಲಯ, ಚಿತ್ರಮಂದಿರ ಖಾಸಗಿ ಜಾಗ, ಹೊರಗಿನ ತಿಂಡಿ ಬೇಡ ಎನ್ನುವ ಹಕ್ಕು ಮಾಲೀಕನಿಗಿದೆ ಎಂದಿತು. ಯಾರಾದರೂ ಜಿಲೇಬಿ ತಂದು ಸೀಟಿಗೆ ಕೈ ಒರೆಸಿದರೆ ಎಂಬ ಮಾತು ಅಲ್ಲೇ ಬಂದದ್ದು. ಆದರೆ ಉಚಿತ ಕುಡಿಯುವ ನೀರು ಕೊಡಬೇಕು, ಹಸುಗೂಸಿನ ಆಹಾರವನ್ನು ತಡೆಯಬಾರದು ಎಂದೂ ಹೇಳಿತು. ನನಗೆ ಈ ತೀರ್ಪಿನ ಎರಡನೇ ಭಾಗ ಹೆಚ್ಚು ಹಿಡಿಸಿತು. ಮಾಲೀಕನ ವ್ಯಾಪಾರವನ್ನು ಒಪ್ಪಿಕೊಂಡೇ, ಯಾವುದಕ್ಕೆ ಬೆಲೆ ಕಟ್ಟಬಾರದು ಎಂದು ಅದು ಗೆರೆ ಎಳೆದಿದೆ. ಮದ್ಯ ಆ ಗೆರೆಯೊಳಗೆ ಬರುವುದಿಲ್ಲ. ನೀರಿನ ಹಾಗೆ ಅದು ಹಕ್ಕಲ್ಲ. ಹಾಗಾಗಿ ಹಡಗಿನ ಪ್ರಯಾಣಿಕರ ಸಿಟ್ಟಿನಲ್ಲಿ ನ್ಯಾಯ ಅರ್ಧ ಮಾತ್ರ ಇದೆ ಎಂಬುದು ನನ್ನ ಅನಿಸಿಕೆ.

ಇನ್ನು ನೆಲದ ಮೇಲಿನ ಪ್ರಯಾಣ. ರೈಲಿನಲ್ಲಿ ಕುಡಿದು ಗಲಾಟೆ ಮಾಡಿದರೆ 1989ರ ರೈಲ್ವೆ ಕಾಯ್ದೆಯ 145ನೇ ಕಲಮಿನಡಿ ಆರು ತಿಂಗಳ ವರೆಗೆ ಜೈಲು, 500 ರೂಪಾಯಿ ವರೆಗೆ ದಂಡ. (ಆ 500 ರೂಪಾಯಿ ಇನ್ನೂ 1989ರಲ್ಲೇ ಇದೆ.) ದೆಹಲಿ ಮೆಟ್ರೊ 2023ರ ಜೂನ್ ಕೊನೆಗೆ ಒಬ್ಬರಿಗೆ ಎರಡು ಸೀಲ್ ಮಾಡಿದ ಬಾಟಲಿ ಒಯ್ಯಲು ಅನುಮತಿ ಕೊಟ್ಟಿತು. ಆದರೆ ಆ ರೈಲು ದೆಹಲಿ ದಾಟಿ ಉತ್ತರ ಪ್ರದೇಶದ ನೊಯ್ಡಾ, ಹರಿಯಾಣದ ಗುರುಗ್ರಾಮಕ್ಕೂ ಹೋಗುತ್ತದೆ. ಒಂದು ರಾಜ್ಯದಲ್ಲಿ ಹತ್ತಿದಾಗ ಸರಿಯಿದ್ದ ಬಾಟಲಿ ಇನ್ನೊಂದು ರಾಜ್ಯದಲ್ಲಿ ಇಳಿಯುವಾಗ ಅಬಕಾರಿ ಪ್ರಕರಣ ಆಗಬಹುದಲ್ಲ ಎಂಬ ಗೊಂದಲ ಕೂಡಲೇ ಎದ್ದಿತು. ನಮ್ಮ ರಾಯಚೂರು–ದೇವದುರ್ಗ ಬಸ್ಸಿನಲ್ಲಿ ಇಂಥ ಗೊಂದಲವಿಲ್ಲ. ಕಂಡಕ್ಟರ್ ಹತ್ತಿರ ಮಾರಲು ಟಿಕೆಟ್ ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಕುಡಿದು ಕೂಗಾಡುವವನನ್ನು ಅವರು ಕಲ್ಮಲಾದಲ್ಲಿ ಇಳಿಸಿದರೆ ಅದರಲ್ಲಿ ಯಾರೂ ಲಾಭದ ವಾಸನೆ ಹುಡುಕುವುದಿಲ್ಲ.

ಅಂದರೆ ಅಸಲಿ ತೊಡಕು ಇರುವುದು ನಿಯಮ ಮಾಡುವವನೇ ಅಂಗಡಿಯನ್ನೂ ಇಟ್ಟುಕೊಂಡಾಗ. ಹಡಗಿನ ಕಂಪನಿ ಅಂಥದ್ದು. ಗಡಿಯಲ್ಲಿ ನಿಂತು ನೋಡಿದರೆ ರಾಜ್ಯ ಸರ್ಕಾರಗಳೂ ಅಂಥವೇ.

ರಾಯಚೂರು ಜಿಲ್ಲೆಗೆ ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಆಂಧ್ರ. ಗಡಿಯಾಚೆಯಿಂದ ಬರುವ ಸೇಂದಿಯ ಸುದ್ದಿ ನಮ್ಮ ಜಿಲ್ಲಾ ಪುಟದಲ್ಲಿ ಹಳೆಯದಾಗುವುದೇ ಇಲ್ಲ. ಆಂಧ್ರದಲ್ಲಿ 2019ರ ನಂತರ ಮದ್ಯದಂಗಡಿಗಳನ್ನು ಸರ್ಕಾರವೇ ನಡೆಸತೊಡಗಿತು. 2020ರ ಮೇ ತಿಂಗಳಲ್ಲಿ ಬೆಲೆಯನ್ನು ಒಟ್ಟು ಶೇ 75ರಷ್ಟು ಏರಿಸಿತು. ಸಹಜವಾಗಿಯೇ ಜನ ಪಕ್ಕದ ರಾಜ್ಯದ ಕಡೆ ನೋಡಿದರು. ಬೇರೆ ರಾಜ್ಯದಿಂದ ತಂದ ಬಾಟಲಿಗಳಿಗೆ ಪ್ರಕರಣ ದಾಖಲಾದಾಗ ವಿಷಯ ಹೈಕೋರ್ಟಿಗೆ ಹೋಯಿತು. ಒಬ್ಬ ವ್ಯಕ್ತಿ ಮೂರು ಬಾಟಲಿ ಇಟ್ಟುಕೊಳ್ಳಬಹುದು ಎಂದು ಸರ್ಕಾರದ ಆದೇಶವೇ ಹೇಳುವಾಗ, ಹೊರ ರಾಜ್ಯದಿಂದ ತಂದ ಮೂರು ಬಾಟಲಿಗೂ ಅದು ಅನ್ವಯಿಸುತ್ತದೆ ಎಂದು 2020ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಅಕ್ಟೋಬರ್ ಮುಗಿಯುವುದರೊಳಗೆ ಸರ್ಕಾರ ನಿಯಮವನ್ನೇ ತಿದ್ದಿ, ಹೊರಗಿನ ಬಾಟಲಿಗೆ ಪರವಾನಗಿ ಕಡ್ಡಾಯ ಮಾಡಿತು. ನಮ್ಮ ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ಮಂತ್ರಾಲಯದ ದಾರಿಯಲ್ಲಿ ಗಡಿ ದಾಟಿದ ಕೂಡಲೇ ಮದ್ಯ ಕೆಟ್ಟದ್ದಾಗುವುದಿಲ್ಲ. ಅದರ ಮೇಲಿನ ತೆರಿಗೆ ಯಾವ ಖಜಾನೆಗೆ ಹೋಯಿತು ಎಂಬುದಷ್ಟೇ ವ್ಯತ್ಯಾಸ.

ಕರ್ನಾಟಕ ಇದಕ್ಕೆ ಹೊರತಲ್ಲ. 2025–26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಹಿಂದಿನ ವರ್ಷದ್ದು 38,525 ಕೋಟಿ. 'ಗುರಿ' ಎಂಬ ಪದವನ್ನು ಗಮನಿಸಿ. ಮದ್ಯ ಆರೋಗ್ಯಕ್ಕೆ ಹಾನಿಕರ ಎಂದು ಬಾಟಲಿಯ ಮೇಲೆ ಅಚ್ಚು ಹಾಕಿಸುವ ವ್ಯವಸ್ಥೆಯೇ ಇದು.

ಈ ಲೆಕ್ಕವನ್ನು ನಮಗಿಂತ ಮೊದಲು ಅರ್ಥ ಮಾಡಿಕೊಂಡವರು ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು. 2019ರ ಜನವರಿ 19ರಿಂದ ಮದ್ಯ ನಿಷೇಧ ಆಂದೋಲನದ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದರು. ಮುಂದೆ ನಿಂತವರಲ್ಲಿ ರಾಯಚೂರು ಜಿಲ್ಲೆಯವರು ಬಹಳ. ದಾರಿಯಲ್ಲಿ ಒಬ್ಬ ತಾಯಿ ಅಪಘಾತದಲ್ಲಿ ತೀರಿಕೊಂಡರು. ಪೂರ್ಣ ನಿಷೇಧದ ಜೊತೆಗೆ ಅವರ ಇನ್ನೊಂದು ಬೇಡಿಕೆ, ಹಳ್ಳಿಯ ಕಿರಾಣಿ ಅಂಗಡಿ, ಚಹಾದಂಗಡಿಗಳಲ್ಲಿ ನಡೆಯುವ ಅಕ್ರಮ ಮಾರಾಟ ನಿಲ್ಲಿಸಿ ಎಂಬುದು. 'ನನ್ನ ಬಾಟಲಿ, ನನ್ನ ಹಕ್ಕು' ಎಂಬ ಹಡಗಿನ ಪ್ರಯಾಣಿಕರ ವಾದ ನಮ್ಮ ಹಳ್ಳಿಯಲ್ಲಿ ಎಷ್ಟು ಬೇಗ ದಾರಿ ತಪ್ಪುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಪಟ್ಟಣದ ಅಂಗಡಿಯಿಂದ ಚೀಲದಲ್ಲಿ ಬರುವ ಬಾಟಲಿ ಸ್ವಂತಕ್ಕೋ ಮಾರಾಟಕ್ಕೋ ಎಂದು ಕೇಳುವವರಿಲ್ಲ. ಕೂಲಿಯ ದುಡ್ಡು ಸಂಜೆಗೆ ಆ ಚೀಲಕ್ಕೆ ಹೋಗುತ್ತದೆ. ಹಾಗಾಗಿ ಗಡಿಯಲ್ಲಿ ತೆರಿಗೆಗಾಗಿ ಇರುವಷ್ಟು ಕಣ್ಣು ಹಳ್ಳಿಯ ಕಿರಾಣಿ ಅಂಗಡಿಯ ಮೇಲೂ ಇರಲಿ ಎಂದು ಅವರು ಕೇಳಿದರೆ ಅದು ಅತಿಯಾಯಿತೇ?

ಹಡಗಿಗೆ ಮರಳುತ್ತೇನೆ. ಕ್ರೂಸ್ ಭಾರತ್ ಬೆಳೆದರೆ ನಮ್ಮ ಓರಗೆಯವರಿಗೆ ಅಲ್ಲಿ ಕೆಲಸಗಳೂ ಇವೆ. ಎಂಜಿನ್ ರೂಮಿನಿಂದ ಹಿಡಿದು ಅಡುಗೆಮನೆ, ಬಾರಿನ ವರೆಗೆ. ಮಂಗಳೂರು, ಗೋವಾ ಕಡೆಯ ಹುಡುಗರು ಈಗಾಗಲೇ ವಿದೇಶಿ ಹಡಗುಗಳಲ್ಲಿದ್ದಾರೆ. ಪ್ರಯಾಣಿಕನಿಗೆ ಲೋಟದ ಮೇಲೆ ಲೋಟ ಬಡಿಸುವ ಅದೇ ಹಡಗಿನಲ್ಲಿ ಅಧಿಕಾರಿಗಳ ರಕ್ತದಲ್ಲಿ ಆಲ್ಕೋಹಾಲ್ ಶೇ 0.05 ಮೀರುವಂತಿಲ್ಲ, 2012ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ನಿಯಮ ಅದು. ನನಗೆ ನಿಜವಾದ ಸುರಕ್ಷತಾ ನಿಯಮ ಎನಿಸುವುದು ಇಂಥದ್ದು. ಅದಕ್ಕೆ ಶುಲ್ಕ ಕಟ್ಟಿ ವಿನಾಯಿತಿ ಪಡೆಯಲು ಬರುವುದಿಲ್ಲ. ನಮ್ಮ ದೇಶದ ಹಡಗು ಕಂಪನಿಗಳು ಟಿಕೆಟ್ ಮಾರುವಾಗಲೇ ಬಾರಿನ ದರಪಟ್ಟಿಯನ್ನೂ, ಹೊರಗಿನ ಮದ್ಯ ಏಕೆ ಬೇಡ ಎಂಬುದನ್ನೂ ಕನ್ನಡ ಸೇರಿದಂತೆ ಪ್ರಯಾಣಿಕರ ಭಾಷೆಯಲ್ಲಿ ಅಚ್ಚು ಹಾಕಲಿ. 'ನಮ್ಮ ಆದಾಯಕ್ಕಾಗಿ' ಎಂದು ಬರೆದರೂ ನನ್ನ ತಕರಾರಿಲ್ಲ.

ಅಂದ ಹಾಗೆ ನನಗೆ ಈಗ 20. ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವವನ್ನು ನಮ್ಮ ಸರ್ಕಾರ 2023ರ ಜನವರಿಯಲ್ಲಿ ಮುಂದಿಟ್ಟು, ವಿರೋಧ ಬಂದ ಮೇಲೆ ಕೈಬಿಟ್ಟಿತು. ಹಾಗಾಗಿ ಈ ಜಗಳದಲ್ಲಿ ನನ್ನ ಬಾಟಲಿ ಯಾವುದೂ ಇಲ್ಲ. ಆದರೆ ಕಾಲೇಜುಗಳಲ್ಲಿ ಗೋವಾ ಪ್ರವಾಸದ ಮಾತು ಪ್ರತಿ ಸೆಮಿಸ್ಟರ್ ಕೊನೆಗೆ ಏಳುತ್ತದೆ. ಬರುವಾಗ ಅಗ್ಗ ಎಂದು ಎರಡು ಬಾಟಲಿ ಚೀಲಕ್ಕೆ ಹಾಕಿಕೊಳ್ಳುವ ಅಣ್ಣಂದಿರಿಗೆ ಒಂದು ಮಾತು. ಮಾಜಾಳಿಯಲ್ಲೋ ಅನಮೋಡದಲ್ಲೋ ತಪಾಸಣೆಗೆ ಸಿಕ್ಕರೆ ಅದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಪ್ರಕರಣ. ಹಡಗಿನವರಾದರೆ ಬಾಟಲಿ ಕಸಿದುಕೊಂಡು ಸುಮ್ಮನಾಗುತ್ತಾರೆ. ಇಲ್ಲಿ ಹಾಗಲ್ಲ. ಸರ್ಕಾರಿ ಕೆಲಸ ಸಿಕ್ಕಾಗ ತುಂಬುವ ದೃಢೀಕರಣ ನಮೂನೆಯಲ್ಲಿ ನಿಮ್ಮ ಮೇಲೆ ಯಾವುದಾದರೂ ಪ್ರಕರಣ ಇದೆಯೇ ಎಂಬ ಸಾಲು ಇರುತ್ತದೆ. ಆ ಜಾಗದಲ್ಲಿ ಇದನ್ನೂ ಬರೆಯಬೇಕಾಗುತ್ತದೆ.