ಕಚ್ಚುವ ನಾಯಿಗೆ ಬಾಡೂಟ ಹಾಕ್ತೀರಾ?

ದಿನಕ್ಕೆ ಎಂಟು-ಹತ್ತು ಸಲ ಭೇದಿ, ಜೊತೆಗೆ ರಕ್ತ, ಲೋಳೆ. ಊರಲ್ಲಿ ಇದಕ್ಕೆ ಮೂಲವ್ಯಾಧಿ ಅಂತಾರೆ, ಇಲ್ಲಾ ಉಷ್ಣ ಅಂತಾರೆ. ಹೇಳಿಕೊಳ್ಳಲು ನಾಚಿಕೆ ಬೇರೆ. ತಿಂಗಳುಗಟ್ಟಲೆ ಕಳೆದ ಮೇಲೆ ಯಾರೋ ಕೊಲೊನೋಸ್ಕೋಪಿ ಮಾಡಿಸಿ, ಅಲ್ಸರೇಟಿವ್ ಕೊಲೈಟಿಸ್ ಅಂತ ಹೆಸರು ಹೇಳಿ, ಮಾತ್ರೆ ಬರೆದುಕೊಡುತ್ತಾರೆ. ಆಗ ವಾಟ್ಸಾಪಿಗೆ ಬರುತ್ತದೆ ನೋಡಿ ಸಂದೇಶ: ಲೋಳೆಸರದ ಪಾಲಿಸ್ಯಾಕರೈಡ್ ಡಬ್ಬಿ, ಇಮ್ಯುನಿಟಿ ಹೆಚ್ಚಿಸುತ್ತದೆ, ಇಂಗ್ಲಿಷ್ ಮಾತ್ರೆ ಬಿಟ್ಟುಬಿಡಿ!

ಈ ಕಾಯಿಲೆಯಲ್ಲಿ ಇಮ್ಯುನಿಟಿ ಕಡಿಮೆಯಾಗಿದೆ ಅಂತ ನಿಮಗೆ ಹೇಳಿದವರು ಯಾರು? ದೇಹದ ಕಾವಲು ಪಡೆ ಕರುಳಲ್ಲಿ ಸದಾ ಇರುವ ಬ್ಯಾಕ್ಟೀರಿಯಾ ಮೇಲೆ ಸುಮ್ಮಸುಮ್ಮನೆ ಮುಗಿಬಿದ್ದು, ಕರುಳಿನ ಒಳಪದರವನ್ನೇ ಹುಣ್ಣು ಮಾಡುತ್ತಿರುತ್ತದೆ. ಮನೆ ಕಾಯುವ ನಾಯಿ ಮನೆಯವರನ್ನೇ ಕಚ್ಚುತ್ತಿದೆ. ಅದಕ್ಕೆ ಇನ್ನಷ್ಟು ಬಲ ಬರಲಿ ಅಂತ ಬಾಡೂಟ ಹಾಕ್ತೀರಾ?

ಗಿಡದ ನಾರಿನಲ್ಲಿ ಏನೂ ಇಲ್ಲ ಅಂತ ನಾನು ಹೇಳುತ್ತಿಲ್ಲ. ಪಾಲಿಸ್ಯಾಕರೈಡ್ ಅಂದರೆ ಸಕ್ಕರೆಯ ಕಣಗಳು ಸರದಂತೆ ಪೋಣಿಸಿಕೊಂಡ ವಸ್ತು. ಇಸಬ್‌ಗೋಲ್ ನೆನೆಸಿದರೆ ಲೋಳೆಯಾಗುವುದು ಇದರಿಂದಲೇ. ಇಂಥ ನಾರು ನಮಗೆ ಜೀರ್ಣವಾಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರಕ್ಕೆ ಅದೇ ಊಟ. ಕಾವಲು ಪಡೆಯನ್ನು ಸಮಾಧಾನ ಮಾಡುವ ಕೋಶಗಳು ಅದರಿಂದ ಹೆಚ್ಚುತ್ತವೆ ಎಂದು 2013ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಸಮಾಧಾನ ಮಾಡುವ ಕೋಶಗಳು ಸ್ವಾಮಿ, ಕೆರಳಿಸುವವಲ್ಲ.

ಮನುಷ್ಯರ ಮೇಲಿನ ಲೆಕ್ಕವೂ ಇದೆ. 1999ರಲ್ಲಿ ಸ್ಪೇನಿನಲ್ಲಿ, ಕಾಯಿಲೆ ಹತೋಟಿಯಲ್ಲಿದ್ದ 105 ಜನರನ್ನು ಒಂದು ವರ್ಷ ನೋಡಿದರು. ಇಸಬ್‌ಗೋಲ್ ಬೀಜ ಮಾತ್ರ ತಿಂದವರಲ್ಲಿ ಶೇ. 40, ಮೆಸಲಮೈನ್ ಮಾತ್ರೆ ಮಾತ್ರ ನುಂಗಿದವರಲ್ಲಿ ಶೇ. 35, ಎರಡೂ ತೆಗೆದುಕೊಂಡವರಲ್ಲಿ ಶೇ. 30 ಮಂದಿಗೆ ಚಿಕಿತ್ಸೆ ಫಲಿಸಲಿಲ್ಲ. ಒಳ್ಳೆಯ ಸುದ್ದಿಯೇ. ಆದರೆ ಇದು ಪುಟ್ಟ ಅಧ್ಯಯನ, ಅದೂ ವೈದ್ಯರ ಕಣ್ಣಳತೆಯಲ್ಲಿ ನಡೆದದ್ದು.

ಲೋಳೆಸರದ್ದು 2004ರಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. 44 ಜನ, ನಾಲ್ಕೇ ವಾರ. ಲೋಳೆ ಕುಡಿದ 30 ಜನರಲ್ಲಿ 9 ಮಂದಿಗೆ ಕಾಯಿಲೆ ಹತೋಟಿಗೆ ಬಂತು, ಬರೀ ಹುಸಿ ಔಷಧ ಕುಡಿದ 14ರಲ್ಲಿ ಒಬ್ಬರಿಗೆ. ಸ್ಕೋಪ್ ಹಾಕಿ ನೋಡಿದಾಗ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಡಬ್ಬಿ ಮಾರುವವರು ಮೊದಲರ್ಧ ಮಾತ್ರ ಹೇಳುತ್ತಾರೆ. ಹಿತ್ತಿಲ ಲೋಳೆಸರ ಕೊಯ್ದು ಕುಡಿದರಾಯ್ತು ಅನ್ನುವವರಿಗೆ ಒಂದು ಮಾತು: ಸಿಪ್ಪೆಯ ಕೆಳಗಿನ ಹಳದಿ ರಸ ಸೇರಿದರೆ ಭೇದಿ ಇನ್ನೂ ಹೆಚ್ಚುತ್ತದೆ. ಕ್ರೋನ್ಸ್ ಕಾಯಿಲೆಯಿಂದ ಕರುಳು ಕಿರಿದಾದವರಿಗೆ ಇಸಬ್‌ಗೋಲ್ ಕೂಡ ಅಡ್ಡ ಸಿಕ್ಕಿಕೊಳ್ಳಬಹುದು.

ಇಸಬ್‌ಗೋಲ್ ತಿನ್ನಬೇಕೆಂದರೆ ಡಾಕ್ಟರನ್ನು ಕೇಳಿ, ಮಾತ್ರೆಯ ಜೊತೆಗೇ ತಿನ್ನಿ. ತುಂಬಾ ದಿನ ಸ್ಟೀರಾಯ್ಡ್ ನುಂಗಿದವರು ಅದನ್ನು ಒಂದೇ ಸಲ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಮಾತ್ರೆ ಬಿಡಿ ಎಂದ ಏಜೆಂಟ್ ಅವತ್ತು ಆಂಬುಲೆನ್ಸಿಗೆ ಫೋನ್ ಮಾಡಲು ಬರುವುದಿಲ್ಲ. ಆಹಾರ ಪೂರಕ ಅಂತ ಮಾರುವ ಡಬ್ಬಿಯ ಮೇಲೆ 'ನಾಟ್ ಫಾರ್ ಮೆಡಿಸಿನಲ್ ಯೂಸ್', ಅಂದರೆ ಔಷಧವಾಗಿ ಬಳಸುವಂಥದ್ದಲ್ಲ, ಎಂದು ಅಚ್ಚು ಹಾಕಲೇಬೇಕೆಂಬ ನಿಯಮವಿದೆ. ಅಕ್ಷರ ಸಣ್ಣದಿರುತ್ತದೆ, ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ.