ಬಿ.ಎ. ಓದಿದವನಿಗೆ ಕಂಪ್ಯೂಟರಿನ ಕೆಲಸ ಸಲ್ಲದೆ?

ಪದವಿಯ ಕೊನೆಯ ವರ್ಷಕ್ಕೆ ಕಾಲಿಟ್ಟೊಡನೆ ನಮ್ಮಂಥ ಕಲಾ ವಿದ್ಯಾರ್ಥಿಗಳನ್ನು ಕಾಡುವ ಪ್ರಶ್ನೆ 'ಮುಂದೇನು?' ಎಂಬುದು. ಉಪಾಧ್ಯಾಯ ವೃತ್ತಿ, ಸರ್ಕಾರಿ ಪರೀಕ್ಷೆ, ಬ್ಯಾಂಕು ಇವುಗಳಿಂದಾಚೆಗೆ ನಮ್ಮ ದೃಷ್ಟಿ ಹರಿಯುವುದೇ ವಿರಳ. ವೈಟ್‌ಫೀಲ್ಡಿನ, ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಸೌಧಗಳನ್ನು ಕಂಡಾಗಲೆಲ್ಲ 'ಅದು ಎಂಜಿನಿಯರುಗಳ ಲೋಕ, ನಮಗೇಕೆ?' ಎಂದು ನಮ್ಮನ್ನು ನಾವೇ ಹೊರಗಿಟ್ಟುಕೊಳ್ಳುತ್ತೇವೆ. ಈ ಅಂಜಿಕೆ ಸಲ್ಲದೆಂಬುದೇ ನನ್ನ ಅಭಿಪ್ರಾಯ.

ಆ ಲೋಕದಲ್ಲಿ ಪ್ರೋಗ್ರಾಂ ಬರೆಯುವವರು ಮಾತ್ರವಿಲ್ಲ. ಕಂಪ್ಯೂಟರುಗಳು ನಿಲ್ಲದೆ ನಡೆಯುವಂತೆ ನೋಡಿಕೊಳ್ಳುವ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಎಂಬವನೂ ಇದ್ದಾನೆ. ಯಾರು ಯಾವ ಕಡತವನ್ನು ತೆರೆಯಬಹುದೆಂದು ಗೊತ್ತುಪಡಿಸುವುದು, ಹೊಸಬರಿಗೆ ಖಾತೆ ತೆರೆಯುವುದು, ಕೆಲಸ ಬಿಟ್ಟುಹೋದವರ ಖಾತೆಯನ್ನು ಮುಚ್ಚುವುದು, ಕಡತಗಳ ಬ್ಯಾಕಪ್ ತೆಗೆದಿಡುವುದು ಇವೆಲ್ಲ ಅವನ ಹೊಣೆ. ಮನೆಯ ಬೀಗದಕೈ ಹಿಡಿದವನಂತೆ ಅವನಿಗೂ ಪ್ರಾಮಾಣಿಕತೆಯೇ ಮೊದಲ ಅರ್ಹತೆ.

ನನ್ನ ತಂದೆ ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಟರ್ನರ್. ಎರಡು ವರ್ಷಗಳ ಹಿಂದೆ ಅಲ್ಲಿಯ ಲೆಕ್ಕಪತ್ರದ ಕಂಪ್ಯೂಟರ್ ಕೆಟ್ಟುಹೋಯಿತು. ಬ್ಯಾಕಪ್ ಇರಲಿಲ್ಲ. ಜಿ.ಎಸ್.ಟಿ. ಬಿಲ್ಲುಗಳನ್ನೆಲ್ಲ ಕಾಗದದ ಪ್ರತಿ ನೋಡಿ ಮತ್ತೆ ಟೈಪು ಮಾಡಬೇಕಾಯಿತು. ಆ ತಿಂಗಳ ಸಂಬಳ ಹನ್ನೆರಡು ದಿನ ತಡವಾಗಿ ಕೈಸೇರಿತು. ಮನೆಬಾಡಿಗೆಗಾಗಿ ಅಮ್ಮ ಪಕ್ಕದ ಮನೆಯಲ್ಲಿ ಸಾಲ ಕೇಳಿದ್ದನ್ನು ನಾನಿನ್ನೂ ಮರೆತಿಲ್ಲ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೊಂದು ಸ್ಥಳದಲ್ಲಿ: ಬ್ಯಾಕಪ್ಪಿಗೆ ಈ ವೃತ್ತಿಯವರು ಹೇಳುವ ಸೂತ್ರ ಇಷ್ಟೆ. ಇದನ್ನು ತಪ್ಪದೆ ಪಾಲಿಸಲು ಬೇಕಾದುದು ಶಿಸ್ತೇ ಹೊರತು ದೊಡ್ಡ ಪದವಿಯಲ್ಲ.

ದೊಡ್ಡ ಸಂಸ್ಥೆಗಳ ಪಾಡೂ ಇದೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿ ಕಳುಹಿಸಿದ ದೋಷಯುಕ್ತ ಅಪ್‌ಡೇಟಿನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಪರದಾಡಿದರು. ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ಕುಳಿತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ಆ ದಿನ ಜಗತ್ತನ್ನು ಮತ್ತೆ ನಡೆಸಿದವರು ಹೆಸರಿಲ್ಲದ ಈ ಅಡ್ಮಿನ್‌ಗಳೇ.

ದಾರಿ ಸುಗಮವೆಂದು ನಾನು ಹೇಳಲಾರೆ. ಬಿ.ಎ. ಎಂದೊಡನೆ ಅರ್ಜಿಯನ್ನು ಬದಿಗಿಡುವ ಕಂಪನಿಗಳುಂಟು. ಅನೇಕರಿಗೆ ಮೊದಲು ಸಿಗುವುದು ಹೆಲ್ಪ್‌ಡೆಸ್ಕಿನ ಗುತ್ತಿಗೆ ಕೆಲಸ, ರಾತ್ರಿ ಪಾಳಿ, ಅಲ್ಪ ಸಂಬಳ. ವರದಿಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಆದರೆ ಓದಿದ್ದರ ಅರ್ಥವನ್ನು ತಾಳ್ಮೆಯಿಂದ ಬಿಡಿಸುವುದು, ನಡೆದದ್ದನ್ನು ಸ್ಪಷ್ಟವಾಗಿ ಬರೆದಿಡುವುದು, ಇವನ್ನಲ್ಲವೆ ನಮ್ಮ ಗುರುಗಳು ಮೂರು ವರ್ಷ ಕಲಿಸಿದ್ದು?

ಕಲಿಯಲು ಹಳೆಯ ಕಂಪ್ಯೂಟರೊಂದು ಸಾಕು. ಲಿನಕ್ಸ್ ಉಚಿತವಾಗಿ ದೊರೆಯುತ್ತದೆ. 1991ರಲ್ಲಿ ಅದನ್ನು ಆರಂಭಿಸಿದ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಅಂದು ನಮ್ಮಂತೆಯೇ ವಿದ್ಯಾರ್ಥಿ. ಅದನ್ನು ಹಾಕಿ, ಕೆಡಿಸಿ, ಮತ್ತೆ ಸರಿಪಡಿಸಿ, ಮಾಡಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡರೆ ಅದೇ ಮೊದಲ ಪಾಠ.

ಆದರೆ ಆ ಹಳೆಯ ಕಂಪ್ಯೂಟರೂ ಇಲ್ಲದ ಮನೆಗಳಿಂದ ನಮ್ಮಲ್ಲಿ ಅನೇಕರು ಬರುತ್ತಾರೆ. ಆದ್ದರಿಂದ ಪೂಜ್ಯ ಅಧ್ಯಾಪಕ ವರ್ಗದವರಲ್ಲಿ ನನ್ನದೊಂದು ವಿನಂತಿ: ತರಗತಿಗಳು ಮುಗಿದ ಮೇಲೆ ಕಾಲೇಜಿನ ಕಂಪ್ಯೂಟರ್ ಕೊಠಡಿಯನ್ನು ಎರಡು ಗಂಟೆ ನಮಗೆ ತೆರೆದಿಡಿ. ಕೆಟ್ಟೀತೆಂಬ ಭಯ ಸಹಜವೇ. ಆದರೆ ನೀರಿಗಿಳಿಯದೆ ಈಜು ಬಂದೀತೆ? ಕೆಟ್ಟದ್ದನ್ನು ನಾವೇ ಸರಿಪಡಿಸುತ್ತೇವೆ. ಕಲಿಯಬೇಕಾಗಿರುವುದೂ ಅದನ್ನೇ.